ಉಸಿರುಗಂಡಿ

ಲಿಂಗರಾಜಪುರದ ಫ್ಲೈಓವರ್ ಇಳಿದು ಎಡಕ್ಕೆ
ಹಾಲಿನ ಬೂತಿನ ಹಿಂದಿನ ಗಲ್ಲಿಯಲ್ಲಿ
ಏಳು ತಿಂಗಳಿಂದ ನಿಂತಿತ್ತು ಜೀಪು.
ಚಕ್ರದ ಹಲ್ಲುಗಳ ನಡುವೆ ಇನ್ನೂ
ಯಾವುದೋ ಕೆರೆಯಂಗಳದ ಕೆಸರು, ಒಣಗಿ ಬಿರಿದದ್ದು.

ಬೊಳ್ಳಮ್ಮ ಗೇಟು ತೆಗೆದರು, ಎಡಗೈಯಲ್ಲಿ.
ಬಲಗೈ ಹೆಗಲಿಂದ ಮೇಲೇಳದು;
ಅಂದು ಉರುಳಿದ್ದು ಇದೇ ಜೀಪು.
"ನನ್ನ ಮೂಳೆ ಕೂಡಿತು. ಇದಕ್ಕೇನಾಗಿದೆಯೋ.
ಬೆಳಿಗ್ಗೆ ಹತ್ತುತ್ತದೆ, ಎರಡು ನಿಮಿಷ,
ಕೆಮ್ಮಿ ನಡುಗಿ ಆರಿಹೋಗುತ್ತದೆ.
ಆಮೇಲೆ ಏನು ಮಾಡಿದರೂ ಇಲ್ಲ.
ಬ್ಯಾಟರಿ ಹೊಸದು, ಫಿಲ್ಟರ್ ಹೊಸದು,
ಪಂಪನ್ನೂ ಬದಲಾಯಿಸಿ ಅಂದರು ಇಂದಿರಾನಗರದವರು,
ನಲವತ್ತು ಸಾವಿರ."

ದಸ್ತಗೀರ್ ಉಸ್ತಾದ್ ಏನೂ ಅನ್ನಲಿಲ್ಲ.
ಅವರ ಬಲಗಿವಿಯನ್ನು ಕಲಾಸಿಪಾಳ್ಯದ ಲಾರಿಗಳು
ತಿಂದು ಇಪ್ಪತ್ತು ವರ್ಷ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಪಂಪಿಗಿಟ್ಟು
ಹಿಡಿಕೆಯನ್ನು ಎಡಗಿವಿಯ ಹಿಂದಿನ ಮೂಳೆಗೊತ್ತಿ
"ಹೊಡಿ" ಅಂದರು.

ಗ್ರ, ಗ್ರ, ಗ್ರ, ಗ್ರ.
"ಹೊಗೆ?"
"ಇಲ್ಲ ಉಸ್ತಾದ್."
"ಬಿಳಿ ಹೊಗೆ ಬಂದಿದ್ರೆ ಬೇರೆ ಮಾತು,
ಹೊಟ್ಟೆಗೆ ಬಿದ್ದಿದ್ದು ಬೆಂದಿಲ್ಲ ಅಂತ.
ಏನೂ ಇಲ್ಲ ಅಂದ್ರೆ ಊಟಾನೇ ಹೋಗ್ತಾ ಇಲ್ಲ."

ನನ್ನ ಕೈಯಲ್ಲಿ ಆಗಲೇ ಹನ್ನೆರಡರ ಸ್ಪ್ಯಾನರ್.
"ಇಡು ಅದನ್ನ. ಬಿಚ್ಚೋದು ಯಾರಿಗೂ ಬರ್ತದೆ."
ಜೀಪಿನ ಸುತ್ತ ಒಂದು ಸುತ್ತು ಬಂದರು,
ದನ ಕೊಳ್ಳಲು ಬಂದವರ ಹಾಗೆ ಅಲ್ಲಲ್ಲಿ ತಟ್ಟುತ್ತ,
ಟ್ಯಾಂಕಿನ ಬಳಿ ಕುಕ್ಕುರುಗಾಲಲ್ಲಿ ಕೂತು
ಮುಚ್ಚಳ ತಿರುಗಿಸಿದರು.

ಹುಸ್ಸ್.
ಹೊರಕ್ಕಲ್ಲ, ಒಳಕ್ಕೆ.
ಬಾವಿಯಲ್ಲಿ ಮುಳುಗು ಹಾಕಿದವನು
ಪಂದ್ಯ ಸೋತು ಮೇಲೆದ್ದು ಎಳೆದುಕೊಳ್ಳುವ
ಆ ಮೊದಲ ಉಸಿರು.

"ಒಂದು ಲೋಟ ಎಣ್ಣೆ ಹೊರಗೆ ಹೋಗಬೇಕು ಅಂದ್ರೆ
ಒಂದು ಲೋಟ ಗಾಳಿ ಒಳಗೆ ಬರಬೇಕಲ್ಲಮ್ಮ."

ಹಿಂಚಕ್ರದ ಮೇಲೆ, ಯಾರೂ ನೋಡದ ಕಡೆ,
ಬೆರಳುಗಾತ್ರದ ರಬ್ಬರು ಪೈಪು.
ಅದರ ಬಾಯಿಗೆ ಕಂದು ಮಣ್ಣು,
ಯಾರೋ ಹೆಬ್ಬೆರಳಲ್ಲಿ ಒತ್ತಿ ನುಣುಪು ಮಾಡಿದಂತೆ.
"ಕುಂಬಾರ ಹುಳು!" ಅಂದರು ಬೊಳ್ಳಮ್ಮ.
ನಕ್ಕಿದ್ದು ಅದೇ ಮೊದಲು.

ತಂತಿಯಲ್ಲಿ ಕೆದಕಿದಾಗ ಉದುರಿದವು
ಸತ್ತಿರದ, ಅಲುಗಲೂ ಆಗದ
ಐದಾರು ಹಸಿರು ಜೇಡ,
ಅವುಗಳ ನಡುವೆ ಅಕ್ಕಿಕಾಳಿನಂಥ ಒಂದು ಮರಿ.
ಉಸ್ತಾದ್ ಎಲ್ಲವನ್ನೂ ಅಂಗೈಯಲ್ಲಿ ಹಿಡಿದು
ಕರಿಬೇವಿನ ಕುಂಡದ ಮಗ್ಗುಲಿಗಿಟ್ಟರು.
ಉಳಿಯುತ್ತದೆಯೇ ಅಂತ ನಾನು ಕೇಳಲಿಲ್ಲ.

ಮಿಕ್ಕಿದ್ದು ನನ್ನ ಕೆಲಸ.
ಫಿಲ್ಟರಿನ ನೆತ್ತಿಯ ಸ್ಕ್ರೂ ಕಾಲು ಸುತ್ತು ಸಡಿಲಿಸಿ
ಕೈಪಂಪು ಒತ್ತಿದೆ, ಒತ್ತಿದೆ.
ಮೊದಲು ನೊರೆ, ಕೂಸು ಕಕ್ಕಿದ ಹಾಲಿನಂತೆ.
ಆಮೇಲೆ ಗುಳ್ಳೆಗಳು. ಆಮೇಲೆ ಒಂದೇ ಗುಳ್ಳೆ.
ಸಾಕು ಅಂದುಕೊಂಡೆ.
"ಇನ್ನೂ," ಅಂದರು, ಆ ಕಡೆ ತಿರುಗಿಕೊಂಡೇ.
ಹೆಬ್ಬೆರಳು ಮರಗಟ್ಟಿದ ಮೇಲೆ ಬಂತು
ಹುಲ್ಲುಬಣ್ಣದ ತಿಳಿ ಎಳೆ, ಎಲ್ಲೂ ಕಡಿಯದೆ.

ಒಂದೊಂದೇ ನಟ್ಟು ಸಡಿಲಿಸು, ತಿರುಗಿಸು, ಚಿಮ್ಮಿತೇ? ಬಿಗಿ.
ಮೂರನೆಯದರಲ್ಲಿ ಒದ್ದಿತು ಎಂಜಿನ್ನು,
ನಾಲ್ಕನೆಯದಕ್ಕೆ ಕಾಯಲಿಲ್ಲ.
ಗಲ್ಲಿಯ ತುಂಬ ಬಿಳಿ ಹೊಗೆ,
ಎದುರು ಮನೆಯ ಅಜ್ಜಿ ಒಣಹಾಕಿದ ಸೀರೆ ಎಳೆದುಕೊಂಡು
ಶಾಪ ಹಾಕುತ್ತ ಒಳಗೋದರು.
ಎರಡು ನಿಮಿಷ. ಮೂರು. ಹತ್ತು.
ಬೊಳ್ಳಮ್ಮ ಗಡಿಯಾರ ನೋಡುವುದು ಬಿಟ್ಟು
ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತರು,
ಜ್ವರ ನೋಡುವವರ ಹಾಗೆ.
ಎಂಟುನೂರು ಅಂದರು ಉಸ್ತಾದ್. ನನಗೆ ಕಡಿಮೆ ಅನ್ನಿಸಿತು.

ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ ಕೇಳಿದೆ,
ಮುಚ್ಚಳ ತೆಗೆಯಬೇಕು ಅಂತ ಹೇಗೆ ಗೊತ್ತಾಯಿತು?
ರಿಚರ್ಡ್ಸ್ ಟೌನಿನ ಸಿಗ್ನಲ್ಲಿನವರೆಗೆ ಮಾತಿಲ್ಲ.
"ಹಿಂದೆ ಒಬ್ಬರದು ಹೀಗೇ ಬಂದಿತ್ತು.
ಪಂಪು ಹೋಗಿದೆ ಅಂದೆ. ಹೊಸದು ಹಾಕಿಸಿದೆ.
ಹೊಸೂರು ದಾಟೋದರೊಳಗೆ ಮತ್ತೆ ನಿಂತುಹೋಯ್ತು.
ಮಗಳ ಬಳೆ ಮಾರಿ ತಂದ ದುಡ್ಡು ಅದು."

ಯಾರು ಅಂತ ಕೇಳಿದೆ.
ದೀಪ ಹಸಿರಾಯಿತು, ಹಿಂದಿನ ಬಸ್ಸು ಹಾರ್ನ್ ಮಾಡಿತು.
ನಾನು ಕೇಳಿದ್ದು ಬಲಗಿವಿಯ ಕಡೆಯಿಂದ.