ತಿಳಿ

ಆಗಸ್ಟಿನಲ್ಲಿ ನೀಲಿ ನೈಲ್ ನೀಲಿಯಲ್ಲ.
ಇಥಿಯೋಪಿಯಾದ ಬೆಟ್ಟಗಳು ಹೊಳೆಗಿಳಿದು
ಸಿಂಜಾದ ದಡಕ್ಕೆ ಬರುತ್ತವೆ
ಹಾಲು ಹೆಚ್ಚಾದ ಚಹಾದ ಬಣ್ಣದಲ್ಲಿ.
ಪಂಪ್‌ಹೌಸು ಕೆಟ್ಟು ಒಂಬತ್ತು ದಿನ.
ಪಟಿಕ ಮಾರುವ ಅಂಗಡಿಗೂ ಬೀಗ.

ಅಜ್ಜಿ ಬತೂಲ್ ಕೊಡ ಇಳಿಸಿ ಕೇಳಿದಳು:
ನಿನ್ನ ಕಾಲೇಜಿನಲ್ಲಿ ಇದಕ್ಕೇನು ಹೆಸರು?

ಕಲಿಲ, ಅಂದೆ.
ಕರಗಿದ್ದೂ ಅಲ್ಲ, ಮುಳುಗಿದ್ದೂ ಅಲ್ಲ.
ಕಣಕಣದ ಮೈಮೇಲೂ ಒಂದೇ ಜಾತಿಯ ವಿದ್ಯುತ್ತು,
ಹತ್ತಿರ ಬಂದರೆ ಸಾಕು, ದೂಡಿಕೊಳ್ಳುತ್ತವೆ;
ನೀರು ಬೇರೆ ಸುತ್ತಲಿಂದ ಗುದ್ದುತ್ತ
ತಳ ಕಾಣಲು ಬಿಡುವುದಿಲ್ಲ.

ಗೊತ್ತು ಬಿಡು, ನನ್ನ ಇಬ್ಬರು ಸೊಸೆಯರು,
ಅಂದಳು, ಬೀಜದ ಸಿಪ್ಪೆ ಸುಲಿಯುತ್ತ.

ನುಗ್ಗೆ ಬೀಜ. ಇಲ್ಲಿ ಆ ಮರಕ್ಕೆ ಹೆಸರೇ
ತಿಳಿ ಮಾಡುವ ಮರ.
ಹದಿನಾರು ಬೀಜ ಕುಟ್ಟಿ, ಬಟ್ಟೆಯಲ್ಲಿ ಹಿಂಡಿ
ಮೊದಲು ಜೋರಾಗಿ ಕಲಕಿದಳು, ಬೈದ ಹಾಗೆ;
ಆಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ,
ಮಲಗಿದ ಮಗುವಿನ ನೆತ್ತಿಗೆ ಎಣ್ಣೆ ಸವರಿದ ಹಾಗೆ.
ಇದೇ ಎರಡು ವೇಗವನ್ನು ಲ್ಯಾಬಿನ ಮೋಟಾರಿಗೆ ಕಲಿಸಲು
ನಮಗೆ ಒಂದು ಇಡೀ ಚಳಿಗಾಲ ಹಿಡಿದಿತ್ತು.

ಲೋಟಕ್ಕೆ ತುಂಬಿ ಮೊಬೈಲಿನ ಟಾರ್ಚು ಹಿಡಿದೆ.
ಕತ್ತಲಲ್ಲಿ, ನೀರಿನೊಳಗೆ, ಬೆಳಕು ನಡೆದ ದಾರಿ
ಹೊಗೆಯ ಹಗ್ಗದಂತೆ ಎದ್ದು ಕಂಡಿತು.
ಕಾದೆವು.
ಬೀಜದ ಪ್ರೋಟೀನು ಎದುರು ಜಾತಿಯದು,
ಮಣ್ಣಿನ ಮುನಿಸು ಮುರಿಯಿತು.
ಹಿಂಜಿದ ಹತ್ತಿಯಂತೆ ಗಂಟುಗಂಟಾಗಿ
ಕೆಸರು ಇಳಿಯತೊಡಗಿತು.
ಎರಡು ತಾಸಿಗೆ ಆ ದಾರಿ ಅಳಿಸಿಹೋಗಿ
ಆಚೆ ಗೋಡೆಯ ಮೇಲೆ ಬರೀ ಒಂದು ಬೆಳಕಿನ ಬೊಟ್ಟು.

ನೋಡಜ್ಜಿ, ತಿಳಿಯಾಯಿತು!
ಅವಳು ನೋಡಲಿಲ್ಲ. ಬೆರಳು ಅದ್ದಿ
ಹೆಬ್ಬೆರಳಿಗೆ ಉಜ್ಜಿ ತಿಳಿದುಕೊಂಡಳು.

ಟಾರ್ಚು ಆರಿಸುವಾಗ ಕೈ ಹೊರಳಿ
ಬೆಳಕು ಅವಳ ಮುಖಕ್ಕೆ ಬಿತ್ತು.
ಎರಡೂ ಪಾಪೆಗಳಲ್ಲಿ ಮಬ್ಬು ಹಾಲು.
ಅಲ್ಲೂ ಪ್ರೋಟೀನೇ.
ಅಲ್ಲೂ ಒಂದಕ್ಕೊಂದು ಅಂಟಿ ಗಂಟಾಗಿವೆ.
ಇಳಿದು ಕೂರಲು
ಕಣ್ಣಿಗೆ ತಳವಿಲ್ಲ.

ಇದನ್ನು ನಾನು ಹೇಳಲಿಲ್ಲ.
ಅವಳೇ ಅಂದಳು: ಮೇಲಿನದನ್ನಷ್ಟೇ ಬಗ್ಗಿಸಿಕೋ,
ಗಸಿ ಕದಡಬೇಡ, ಕುದಿಸಿಯೇ ಕುಡಿ.
ಬೀಜ ಇನ್ನೂ ಒಂದು ಹಿಡಿ ಉಳಿದಿದೆ,
ಹೋಗು, ಸಿತ್ತನಾಳ ಕೊಡವನ್ನೂ ತಾ.