ಜೂನ್ ಒಂದು

ಬೋರಾ ಬಜಾರು, ಮೂರನೇ ಮಾಳಿಗೆ, ಭಾನುವಾರ.
ಕೆಳಗೆ ಶಟರುಗಳೆಲ್ಲ ಬಿದ್ದು
ಕೈಗಾಡಿಗಳು ಮೂತಿ ಮೇಲೆತ್ತಿ ಮಲಗಿವೆ.
ಮೇಲೆ ನಾನು, ಕಿರುಗುಟ್ಟುವ ಒಂದು ಫ್ಯಾನು,
ಮುಚ್ಚಿಹೋದ ರಾತ್ರಿಶಾಲೆಯ
ಹನ್ನೊಂದು ದಾಖಲಾತಿ ಪುಸ್ತಕ.
ಗೆದ್ದಲು ಓದಿ ಮುಗಿಸುವ ಮೊದಲು
ನಾನು ಟೈಪು ಮಾಡಿ ಮುಗಿಸಬೇಕು.

ಮಂದಾರ್ ಕಟ್ಟಿಕೊಟ್ಟ ಪರದೆಯಲ್ಲಿ ಆರು ಚೌಕ,
ಕೊನೆಗೊಂದು ಹಸಿರು ಗುಂಡಿ: ಸೇವ್.
ಪಕ್ಕದಲ್ಲಿ ಕೆಂಪು ನಕ್ಷತ್ರವಿದ್ದರೆ
ಆ ಚೌಕ ಖಾಲಿ ಬಿಡುವ ಹಾಗಿಲ್ಲ.
'ರಿಕಾಮಂ ಸೋಡೂ ನಕಾ, ಕಾಕೂ,'
ಹೇಳಿ ಠಾಣೆಯ ಗಾಡಿ ಹಿಡಿದು ಹೋದ.

ಹೆಡ್‌ಮಾಸ್ತರರ ಲೆಕ್ಕ ಬೇರೆ.
ತಿಳಿಯದ ಕಡೆ ಅವರು ಒಂದು ಗೆರೆ ಎಳೆದು
ಗೆರೆಯ ತುದಿಗೆ ಸಣ್ಣ ಸಹಿ ಹಾಕುತ್ತಿದ್ದರು.
ಇಲ್ಲದ್ದಕ್ಕೂ ಒಬ್ಬ ಸಾಕ್ಷಿ.

ಹೆಸರು: ಐತ. ಹೆಸರು: ಅಂಗಾರ. ಹೆಸರು: ತನಿಯ.
ವಾಸ: ಹೋಟೆಲಿನ ಅಟ್ಟ.
ಕೆಲಸ: ಗ್ಲಾಸು. ಕೆಲಸ: ಟೇಬಲ್ಲು. ಕೆಲಸ: ರುಬ್ಬುವುದು.
(ಈ ಚೌಕಗಳಿಗೆ ನಕ್ಷತ್ರ ಇಲ್ಲ.)
ಹುಟ್ಟಿದ ದಿನ ಮಾತ್ರ ಸರಕಾರಕ್ಕೆ ಬೇಕೇ ಬೇಕು,
ಗೆರೆ ನಡೆಯುವುದಿಲ್ಲ.
ಅದಕ್ಕೇ ಮಾಸ್ತರರು
ಪಂಕ್ತಿಗೆ ಸಾರು ಬಡಿಸಿದ ಹಾಗೆ
ಒಂದೇ ಸೌಟಿನಲ್ಲಿ ಬಡಿಸುತ್ತ ಹೋಗಿದ್ದಾರೆ:
ಜೂನ್ ಒಂದು, ಜೂನ್ ಒಂದು, ಜೂನ್ ಒಂದು.

ಸೇವ್. ಸಣ್ಣ ಚಕ್ರ ತಿರುಗಿ, 'ಉಳಿಸಲಾಗಿದೆ'.
ಸೇವ್. 'ಉಳಿಸಲಾಗಿದೆ'.
ಯಾರು ಉಳಿಸಿದ್ದು, ಯಾವುದರಿಂದ,
ಅದು ಹೇಳುವುದಿಲ್ಲ.

ಎರಡೂವರೆಗೆ ತುಕ್ರ ಬಂದ.
ತಂದೆ ಬಾಬು, ಊರು ಮೂಲ್ಕಿ,
ಜೂನ್ ಒಂದು, ಐವತ್ತೆರಡು. ಉಳಿಸಿದೆ.
ಏಳು ಸಾಲು ಕೆಳಗೆ ಮತ್ತೊಬ್ಬ ತುಕ್ರ,
ತಂದೆ ಬಾಬು, ಊರು ಮೂಲ್ಕಿ, ಅದೇ ಜೂನ್, ಅದೇ ಒಂದು.
ಪರದೆ ಕೆಂಪಗಾಯಿತು:
'ಈ ದಾಖಲೆ ಈಗಾಗಲೇ ಇದೆ'.

ಇಲ್ಲ ಮಾರಾಯ, ಇಲ್ಲ.
ಅವನದು ಹೆಬ್ಬೆಟ್ಟು, ಇವನದು ರುಜು.
ಅವನು ಮಸ್ಜಿದ್ ಬಂದರಿನ ಗೋದಾಮುಗಳಿಗೆ ಚಾ ಹೊರುವವನು,
ಇವನು ಕೊಲಾಬಾದಲ್ಲಿ ಇಡ್ಲಿ ಪಾತ್ರೆಯ ಮುಂದೆ.
ಇವನು ತನ್ನ ಹೆಸರಿನ 'ತು'ವಿಗೆ ಕೊಂಬು ಕೊಡುವಾಗ
ನಿಬ್ಬು ಎಷ್ಟು ಒತ್ತಿದ್ದಾನೆಂದರೆ
ಮಸಿ ಹಾಳೆ ದಾಟಿ
ಹಿಂಬದಿಯಲ್ಲಿ ಯಾರದೋ ಊರಿನ ಮೇಲೆ ಬಿದ್ದಿದೆ.

ಮಂದಾರನಿಗೆ ಫೋನು ಹಚ್ಚಿದೆ.
'ಡುಪ್ಲಿಕೇಟ್ ಅಸೇಲ್, ಏಕ್ ಡಿಲೀಟ್ ಕರಾ.'
ಹಿಂದೆ ಅವನ ಕೂಸು ಅಳುತ್ತಿತ್ತು.
ಇಟ್ಟುಬಿಟ್ಟೆ.

ತುಕ್ರ ಅಂದರೆ ಶುಕ್ರವಾರದವನು.
ಯಾವ ಶುಕ್ರವಾರ, ತಾಯಿಗೂ ನೆನಪಿಲ್ಲ;
ವಾರವಾದರೂ ಕಳೆಯದಿರಲೆಂದು
ಹೆಸರಿಗೇ ಗಂಟು ಹಾಕಿ ಹಡಗು ಹತ್ತಿಸಿದ್ದಾಳೆ.
ಸುಮ್ಮನೆ ಫೋನಿನ ಕ್ಯಾಲೆಂಡರು ಹಿಂದಕ್ಕೆ ತಳ್ಳುತ್ತ ಹೋದೆ,
ಹೆಬ್ಬೆರಳು ನೋಯುವ ತನಕ:
ಐವತ್ತೆರಡರ ಜೂನ್ ಒಂದು, ಭಾನುವಾರ.
ಇಬ್ಬರದೂ ಅಲ್ಲದ ದಿನದಲ್ಲಿ
ಒಬ್ಬನಿಗಷ್ಟೇ ಜಾಗ.

ನನ್ನ ಪಾನ್ ಕಾರ್ಡಿನಲ್ಲೂ ಜೂನ್ ಒಂದೇ.
ಬ್ಯಾಂಕು ವರ್ಷಾ ವರ್ಷ ಶುಭಾಶಯ ಕಳಿಸುತ್ತದೆ,
ಬಿಜಲಿ ಬಿಲ್ಲಿನ ಸಂದೇಶದ ಜೊತೆಗೇ ಅಳಿಸುತ್ತೇನೆ.

ಕೊನೆಗೆ
ಎರಡನೆಯವನ ಹೆಸರಿನ ಮುಂದೆ
ಒಂದು ಚುಕ್ಕಿ ಇಟ್ಟೆ.
ಯಂತ್ರಕ್ಕೆ ಅಷ್ಟು ಸಾಕು.
ಚಕ್ರ ತಿರುಗಿತು, ಇನ್ನೂ ತಿರುಗಿತು,
ಕೆಳಗೆ ಯಾರೋ ಒಂದು ಶಟರು ಎತ್ತಿ ಮತ್ತೆ ಎಳೆದರು,
'ಉಳಿಸಲಾಗಿದೆ'.

ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಚುಕ್ಕಿ ನನ್ನದು.
ಕೆಳಗೆ ಸಣ್ಣ ಸಹಿ.

ಮುಂದಿನ ಸಾಲು ಗುರುವನದು.
ತಂದೆಯ ಹೆಸರಿನಲ್ಲಿ ಗೆರೆ.
ಚೌಕದ ಪಕ್ಕ ಕೆಂಪು ನಕ್ಷತ್ರ.