ಕಾಲಂ ಹನ್ನೊಂದು

ಸಮಿತಿ ಬರೂದು ನಾಳೆ.
ಪ್ರಿನ್ಸಿಪಾಲರ ಖೋಲಿಯೊಳಗ ಗೋಡಂಬಿ,
ಸಪ್ತಾಪುರದಿಂದ ಬಾಡಿಗಿಗೆ ತಂದ ಹೂವಿನ ಕುಂಡ,
ಗ್ವಾಡಿಗೆ ಧಾರವಾಡ–ಪ್ರಾಗ್ ಒಪ್ಪಂದದ ಫೋಟೋ:
ಸಹಿ ಆಗಿ ಆರು ವರ್ಷ,
ಆಮ್ಯಾಲೆ ಒಂದು ಕಾಗದಾನೂ ಬಂದಿಲ್ಲ.

ಕಾಲಂ ಹನ್ನೊಂದು, ವಿದೇಶಿ ವಿದ್ಯಾರ್ಥಿಗಳು.
ಬರದೆ: ಒಂದು.

ಆ ಒಂದು, ಟಾಂಜಾನಿಯಾದ ನೇಮಾ,
ಕೆಳಗ ಲ್ಯಾಬಿನೊಳಗ
ಅಟೆಂಡರ್ ದಾವಲಸಾಬನ ಜೋಡಿ ವಾದಕ್ಕ ನಿಂತಿದ್ಲು.
"ತಕ್ಕಡಿ ಸುಳ್ಳ ಹೇಳ್ತದರೀ ಕಾಕಾ,
ಮೂರು ಮಿಲಿಗ್ರಾಂ."

ಆತ ಚಾಳೀಸು ಒರಸಿ ಬಗ್ಗಿದ.
ಮತ್ತೊಮ್ಮೆ ಬಗ್ಗಿದ.
"ಖರೇ ಐತಿ ಬೇಟಿ."

ಹನ್ನೆರಡು ವರ್ಷದ ಪಿಎಚ್‌ಡಿಗಳೆಲ್ಲ
ತೂಗಿದ್ದು ಅದರ ಮ್ಯಾಲೇ,
ನಂದೂ ಹಿಡದು.

ಮೆಟ್ಟಲ ಮ್ಯಾಲಿಂದ ಯಾರೋ ಒದರಿದ್ರು:
"ನಾಳೆ ಸಂಜೀತನಕ
ಅದನ್ನ ಯಾರೂ ಮುಟ್ಟಬ್ಯಾಡ್ರಿ!"

ದನಿ ನಂದs ಇತ್ತು.